ನಿಂಬೆಹಣ್ಣಿನ ತಂತಿ

ಹೋದ ಶನಿವಾರ ಹೈದರಾಬಾದಿನ ಉಪ್ಪಲ್‌ನಲ್ಲಿ ಒಂದು ಮದುವೆ ಊಟ ಮುಗಿಸಿಕೊಂಡು ಬರುವಾಗ, ಬೇಡ ಬೇಡ ಅಂದುಕೊಂಡರೂ ಆ ಹಳೇ ಗಲ್ಲಿಗೇ ಕಾಲು ಹೋಯಿತು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಲಾರಿ ಸಾಗಣೆ ಕಂಪನಿ ಅಲ್ಲೇ ಇದೆ. ಗೇಟಿಗೆ ಹೊಸ ಬಣ್ಣ ಹೊಡೆಸಿದ್ದಾರೆ. ಒಳಗೆ ಬೀಜದ ಚೀಲ ಏರಿಸುತ್ತಿದ್ದರು ಅಂತ ಕಾಣುತ್ತದೆ, ಹುಳ ಹತ್ತಬಾರದು ಅಂತ ಬೀಜಕ್ಕೆ ಹಚ್ಚುವ ಔಷಧಿಯ ಘಾಟು ರಸ್ತೆಗೇ ಬಂದು ಮೂಗಿಗೆ ಹೊಡೆಯಿತು. ಗೇಟಿನ ಪಕ್ಕ ತೆಲುಗು, ಹಿಂದಿ ಎರಡರಲ್ಲೂ ಒಂದು ಬೋರ್ಡು: ಗಾಡಿಗಳಿಗೆ ನಿಂಬೆಹಣ್ಣು, ಮೆಣಸಿನಕಾಯಿ, ದಾರ, ತಂತಿ ಏನೂ ಕಟ್ಟಬಾರದು. ಅದರಾಚೆ ಆಫೀಸಿನ ಬಾಗಿಲಿಗೆ ಮಾತ್ರ ಅವತ್ತು ಬೆಳಿಗ್ಗೆಯಷ್ಟೇ ಕಟ್ಟಿಸಿದ ಹಸೀ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತಿತ್ತು. ಡ್ರೈವರ್‌ಗೆ ದೃಷ್ಟಿ ತಾಗಿದರೆ ಪರವಾಗಿಲ್ಲ, ಮಾಲೀಕನಿಗೆ ತಾಗಬಾರದು ಅಂತ ಅರ್ಥ. 

ಆ ಬೋರ್ಡು ಯಾಕೆ ಬಂತು ಅಂತ ಆ ಗಲ್ಲಿಯಲ್ಲಿ ಈಗ ಯಾರಿಗೂ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು, ಹೇಳುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ನಮ್ಮದು ಬೀದರ್ ಕಡೆ. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿದ್ದರು, ಹಾಗಾಗಿ ನಾನು ಹುಟ್ಟಿ ಬೆಳೆದದ್ದೆಲ್ಲ ಲಿಂಗಂಪಲ್ಲಿಯಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೋದವನ ಜೊತೆ ಜಗಳಕ್ಕೆ ಹಿಂದಿ. ದಿನಾ ಊರಿನ ಆ ತುದಿಯಿಂದ ಈ ತುದಿಗೆ ಬಂದು, ಬಾಂಗ್ಲಾದೇಶದ ಗಡಿ ದಾಟುವ ಲಾರಿಗಳ ಕಸ್ಟಮ್ಸ್ ಕಾಗದ ಮಾಡುವುದು ನನ್ನ ಕೆಲಸವಾಗಿತ್ತು. ಕೇಳುವುದಕ್ಕೆ ದೊಡ್ಡದು, ಕೆಲಸ ಸರಳ. ಹೈದರಾಬಾದಿನಲ್ಲೇ ಕಂಟೇನರ್ ತುಂಬಿ, ಅಧಿಕಾರಿಯ ಎದುರಿಗೆ ಬಾಗಿಲು ಹಾಕಿ ಸೀಲ್ ಹೊಡೆಯುತ್ತಾರೆ. ಸೀಲ್ ಅಂದರೆ ಅರಗಿನದ್ದಲ್ಲ. ಬೆರಳುದ್ದದ ಕಬ್ಬಿಣದ ಮೊಳೆ, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ನಂಬರು. ಒಮ್ಮೆ ಕೂತರೆ ಕತ್ತರಿಸಿಯೇ ತೆಗೆಯಬೇಕು. ಸೀಲಿನ ನಂಬರು, ಗಾಡಿಯ ನಂಬರು, ಡ್ರೈವರ್ ಹೆಸರು ಮೂರೂ ಕಾಗದದಲ್ಲಿ ಇರುತ್ತವೆ. ಮೂರೂ ತಾಳೆಯಾದರೆ ದಾರಿಯಲ್ಲಿ ಯಾರೂ ಬಾಗಿಲು ತೆಗೆಸುವುದಿಲ್ಲ. ಗಡಿಯಾಚೆ ಹೋಗಲಿಕ್ಕೆ ಡ್ರೈವರ್‌ಗೆ ಒಂದು ಪಾಸು ಕೊಡುತ್ತಾರೆ, ಅದರಲ್ಲಿ ಯಾರ ಹೆಸರಿದೆಯೋ ಅವನೇ ಗಾಡಿ ಒಯ್ಯಬೇಕು, ಅವನೇ ತರಬೇಕು. ಗಾಡಿ ಅಲ್ಲಿ ಬಿಟ್ಟು ಅವನೊಬ್ಬನೇ ಈಚೆ ಬರುವಂತಿಲ್ಲ.

ನಮ್ಮ ಮಾಲೀಕರ ಹೆಸರು ಸುಧಾಕರ್. ಬೈಯುವ ಮನುಷ್ಯನಲ್ಲ. ಯಾರೇ ಬರಲಿ, ಕುರ್ಚಿ ಕೊಟ್ಟು ಚಹಾ ತರಿಸಿಯೇ ಮಾತು. ಗಡಿ ದಾಟಿಸುವ ಕೆಲಸ ಅವರಿಗೆ ಹೊಸದು, ಆ ಮಳೆಗಾಲ ಅವರ ಮೊದಲ ಸೀಸನ್. ಒಂದೇ ಒಂದು ಗಾಡಿಯ ಮೇಲೆ ತಕರಾರು ಬರೆಯಿಸಿಕೊಂಡರೂ ಮುಂದಿನ ವರ್ಷ ಪರವಾನಗಿ ಕಷ್ಟ ಅಂತ ಅವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೇಳುತ್ತಿದ್ದರು.

ಆ ಮೊದಲ ಗಾಡಿಗೆ ಡ್ರೈವರ್ ಶರಣಪ್ಪ. ಸೇಡಂ ಕಡೆಯವನು. ಹೆಂಡತಿ ಮಹಾದೇವಿ ಉಪ್ಪಲ್ ಸುತ್ತಮುತ್ತ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಮಕ್ಕಳಿರಲಿಲ್ಲ, ಇಬ್ಬರೇ, ಒಂದು ತಗಡಿನ ಕೋಣೆ. ನನ್ನ ಬಾಯಲ್ಲಿ ಕನ್ನಡ ಕೇಳಿದ ದಿನದಿಂದ ಇಬ್ಬರಿಗೂ ನಾನು ಅಕ್ಕಾರು. ಶರಣಪ್ಪನ ಬಾಯಿ ಸುಮ್ಮನಿರುತ್ತಿರಲಿಲ್ಲ. ಸೀಲಿನ ವಿಷಯ ಹುಷಾರು ಅಂತ ನಾನು ಹೇಳಿದಾಗ ಸೀಲಿನ ಮೊಳೆ ತೋರಿಸಿ ಹೆಂಡತಿಯ ಮುಂದೆಯೇ ಅಂದ, "ಮನ್ಯಾಗಿನಾಕಿ ಸಿಟ್ಟಾದ್ರ ಒಂದು ಊಟ ಹೋಕ್ಕೈತ್ರಿ ಅಕ್ಕಾರ. ಈಕಿ ಸಿಟ್ಟಾದ್ರ ಸೀದಾ ಜೇಲು. ಎಲ್ಲಾ ಈ ಮೊಳಿ ಮ್ಯಾಲೇ ನಿಂತೈತಿ." ಮಹಾದೇವಿ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆದರೆ ಮಾತನ್ನು ಕಿವಿಯಲ್ಲಿ ಇಟ್ಟುಕೊಂಡಳು.

ಜೂನ್ ತಿಂಗಳು, ಮಿರಗದ ಮಳೆ ಹಿಡಿದಿತ್ತು. ಗಾಡಿಯಲ್ಲಿ ಬಿತ್ತನೆ ಬೀಜ, ಆಚೆ ದೇಶದಲ್ಲಿ ಹಂಗಾಮು ಶುರುವಾಗುವುದರೊಳಗೆ ಮುಟ್ಟಬೇಕು. ಅಧಿಕಾರಿ ಸೀಲ್ ಹೊಡೆದು ಹೋದ ಮೇಲೆ ನಮ್ಮ ಅಂಗಳದಲ್ಲೇ ಪೂಜೆ ಮಾಡಿದೆವು. ಸುಧಾಕರ್ ಕಾಯಿ ಒಡೆದರು, ನಾನು ಕುಂಕುಮದ ತಟ್ಟೆ ಹಿಡಿದಿದ್ದೆ. ಎಲ್ಲರೂ ಮುಂದಿನ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಾರೆ. ಮಹಾದೇವಿ ಸೀದಾ ಹಿಂದಕ್ಕೆ ಹೋದಳು. ಎಲ್ಲಾ ಈ ಮೊಳೆಯ ಮೇಲೆ ನಿಂತಿದೆ ಅಂತ ಗಂಡ ಹೇಳಿದ್ದನಲ್ಲ, ಹಾಗಿದ್ದ ಮೇಲೆ ದೃಷ್ಟಿ ತಾಗುವುದು ಬಂಪರಿಗಲ್ಲ, ಮೊಳೆಗೆ. ದಾರ ಮಳೆಗೆ ಕೊಳೆಯುತ್ತದೆ ಅಂತ ಕಟ್ಟಡದ ಕಂಬಿ ಬಿಗಿಯುವ ತೆಳು ತಂತಿಯನ್ನೇ ಕೆಲಸದಿಂದ ತಂದಿದ್ದಳು. ಅದರಲ್ಲಿ ನಿಂಬೆಹಣ್ಣು ಪೋಣಿಸಿ, ಸೀಲಿಗೆ ನಾಲ್ಕು ಸುತ್ತು ಸುತ್ತಿ, ಕಂಬಿ ಬಿಗಿಯುವಂತೆಯೇ ತಿರುವಿ ಕಟ್ಟಿದಳು. ನಾವೆಲ್ಲ ನೋಡುತ್ತಾ ನಿಂತಿದ್ದೆವು. ಚೆನ್ನಾಗಿ ಕಟ್ಟಿದ್ದೀಯಮ್ಮಾ ಅಂತ ಸುಧಾಕರ್ ತಮ್ಮ ಫೋನಿನಲ್ಲಿ ಫೋಟೋ ಹಿಡಿದು ಸ್ಟೇಟಸ್‌ಗೂ ಹಾಕಿಕೊಂಡರು. ಯಾರ ತಲೆಗೂ ಏನೂ ಹೊಳೆಯಲಿಲ್ಲ.

"ಪಂಚಮಿಗೆ ಬರ್ತೀನಿ," ಅಂತ ಶರಣಪ್ಪ ಗಾಡಿ ಹತ್ತಿದ. "ಕಾಚಿಗೂಡದಾಗ ರೈಲು ಹತ್ತಿಸಿ ತವರಮನಿಗೆ ಬಿಟ್ಟು ಬರ್ತೀನಿ. ಉಂಡಿ ಕಟ್ಟಿ ಇಡು." ನಾಗರ ಪಂಚಮಿಗೆ ಇನ್ನೂ ಬೇಕಾದಷ್ಟು ಸಮಯವಿತ್ತು. ಗಂಡ ಅಷ್ಟರೊಳಗೆ ಬರಬೇಕು, ಆಕೆಗೆ ಬೇಕಿದ್ದದ್ದು ಅದೊಂದೇ.

ಗಡಿಯ ಆಚೆಗಿನ ಯಾರ್ಡು ಮುಟ್ಟಿದ ಮೇಲೆ ಅವನ ಫೋನು ಬಂತು. ಅಲ್ಲಿ ಪಾಯಖಾನೆಯ ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತರೆ ನಮ್ಮ ಕಡೆಯ ಟವರ್ ಸಿಗುತ್ತಿತ್ತಂತೆ. ನಮ್ಮವರೆಲ್ಲ ಅಲ್ಲೇ ಸರದಿಯಲ್ಲಿ ನಿಂತು ಮನೆಗೆ ಮಾತಾಡುತ್ತಿದ್ದರು. ಶರಣಪ್ಪನ ದನಿ ಇಳಿದಿತ್ತು. "ಅಕ್ಕಾರ, ಆ ತಂತಿ ದಾರಿ ತುಂಬ ತಿಕ್ಕಿ ತಿಕ್ಕಿ ಸೀಲಿನ ಬಣ್ಣ ತಿಂದೈತ್ರಿ. ನಂಬರಿನ ಕಡೀ ಅಂಕಿ ಒಂಬತ್ತೋ ಸೊನ್ನಿಯೋ ತಿಳೀವಲ್ದು. ಮ್ಯಾಲ ಗೀರು ಬಿದ್ದಾವ. ಸೀಲ್ ತೆಗ್ಯಾಕ ನೋಡಿಯೇನು ಅಂತ ಕೇಳಾಕತ್ತಾರ." ಆಮೇಲೆ ಹೇಳಿದ, "ಆಕೀಗಿ ಹೇಳಬ್ಯಾಡ್ರಿ, ಆಕಿ ಕಟ್ಟಿದ್ದರಿಂದ ಹಿಂಗಾತು ಅಂತ. ನಾ ಬಂದ ಮ್ಯಾಲ ನಾನ ನಗಿಚಾಟಿ ಮಾಡಿ ಹೇಳ್ತೀನಿ." ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಆ ಕಡೆಯ ಅಧಿಕಾರಿಗಳು ಕೇಳಿದ್ದು ತಪ್ಪಲ್ಲ. ಈ ತಂತಿ ಯಾರು, ಎಲ್ಲಿ, ಯಾಕೆ ಕಟ್ಟಿದರು ಅಂತ ಕಂಪನಿ ಬರೆದುಕೊಡಲಿ ಅಂದರು, ಅಷ್ಟೇ. ಸೀಲ್ ಹೊಡೆದ ಮೇಲೆ ನಮ್ಮ ಅಂಗಳದಲ್ಲಿ, ನಮ್ಮೆಲ್ಲರ ಎದುರಿಗೆ, ಪದ್ಧತಿಯಂತೆ ಕಟ್ಟಿದ್ದು ಅಂತ ಒಂದು ಪತ್ರ ಬರೆದು ಮೊಹರು ಒತ್ತಿದ್ದರೆ ಮುಗಿಯುತ್ತಿತ್ತು. ನಾನು ಅದನ್ನೇ ಟೈಪು ಮಾಡಿ ಒಯ್ದೆ. ಸುಧಾಕರ್ ಓದಿ, ಕನ್ನಡಕ ತೆಗೆದು ಒರೆಸಿದರು. "ನಮ್ಮ ಅಂಗಳದಲ್ಲಿ ಅಂತ ಬರೆದರೆ ಹೊಣೆ ನಮ್ಮ ತಲೆಗೆ ಬರುತ್ತದಮ್ಮಾ. ಡ್ರೈವರ್ ದಾರಿಯಲ್ಲಿ ಎಲ್ಲೋ ಕಟ್ಟಿಕೊಂಡಿದ್ದಾನೆ, ನಮಗೆ ಗೊತ್ತಿಲ್ಲ ಅಂತ ಬರೆ. ಅವನನ್ನು ನಾಲ್ಕು ಮಾತು ಕೇಳಿ ಬಿಡುತ್ತಾರೆ."

"ನೀವೇ ಫೋಟೋ ಹಿಡಿದಿರಲ್ಲ ಸಾರ್," ಅಂದೆ.

"ಯಾವ ಫೋಟೋ?" ಅಂದರು, ಅದೇ ಮೆತ್ತಗಿನ ದನಿಯಲ್ಲಿ.

ನಾನು ಟೈಪು ಮಾಡುವುದಿಲ್ಲ ಅಂತ ಎದ್ದು ಬಂದೆ. ಅವರಿಗೆ ಸಿಟ್ಟು ಬರಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಎರಡು ಬೆರಳಿನಲ್ಲಿ ತಾವೇ ಕುಟ್ಟಿದರು. ಆ ಟಕ್ ಟಕ್ ಸದ್ದು ನನ್ನ ಮೇಜಿನವರೆಗೂ ಕೇಳುತ್ತಿತ್ತು.

ಮುಚ್ಚಿದ ಸೀಲಿಗೆ ಡ್ರೈವರ್ ದಾರಿಯಲ್ಲಿ ಕೈ ಹಾಕಿದ್ದಾನೆ ಅಂತ ಅವನ ಕಂಪನಿಯೇ ಬರೆದುಕೊಟ್ಟರೆ ಯಾವ ದೇಶದವರು ಸುಮ್ಮನೆ ಬಿಡುತ್ತಾರೆ? ನಾಲ್ಕು ಮಾತಿನಲ್ಲಿ ಮುಗಿಯಲಿಲ್ಲ. ಗಾಡಿಯನ್ನು ಯಾರ್ಡಿನ ತಗ್ಗಿನ ಮೂಲೆಗೆ ಹಾಕಿಸಿದರು. ವಿಚಾರಣೆ ಶುರುವಾಯಿತು, ಒಬ್ಬರಿಂದ ಇನ್ನೊಬ್ಬರಿಗೆ ಕಡತ ಹೋಗಬೇಕು. ಮಳೆ ಅಲ್ಲಿ ನಮ್ಮ ಮಳೆಯಂಥದ್ದಲ್ಲ. ಮೊಣಕಾಲು ಮಟ ನೀರು, ಕ್ಯಾಬಿನ್ನಿನಲ್ಲೇ ಅಡುಗೆ, ಕ್ಯಾಬಿನ್ನಿನಲ್ಲೇ ನಿದ್ದೆ. "ಬರೇ ಸೊಳ್ಳಿ ಅದಾವ್ರಿ ಅಕ್ಕಾರ," ಅನ್ನುತ್ತಿದ್ದ. "ನಾ ಕಟ್ಟಿಲ್ಲಂತ ಹೇಳಿದ್ರ, ನಿಮ್ಮ ಮಾಲಕರೇ ಬರದಾರ ಅಂತಾರ. ಯಾರು ಕಟ್ಟಿದ್ರು ಹೇಳು ಅಂತಾರ. ಹೆಂಗ ಹೇಳ್ಲಿ, ಆಕಿ ಹೆಸರು ಪೊಲೀಸ್ರ ಕಾಗದದಾಗ ಬರೋದು ಬ್ಯಾಡ."

ಇತ್ತ ಮಹಾದೇವಿ ಸಂಜೆ ಕೆಲಸ ಬಿಟ್ಟ ಮೇಲೆ ದಿನಾ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಸಿಮೆಂಟು ಮೆತ್ತಿದ ಕಾಲು, ಕೈಯಲ್ಲಿ ಬುತ್ತಿ ಡಬ್ಬಿ. ಯಾರನ್ನೂ ಗೋಗರೆಯುತ್ತಿರಲಿಲ್ಲ. ಒಳಗಿನಿಂದ ಯಾರಾದರೂ ಹೊರಗೆ ಬಂದರೆ ಎದ್ದು ನಿಲ್ಲುತ್ತಿದ್ದಳು, ಅಷ್ಟೇ. ಬೀಜದ ಕಂಪನಿಯವರು ಬಂದಾಗ ಈ ಹೆಂಗಸು ಯಾರು ಅಂತ ಕೇಳಿದರು. ಅದು ಸುಧಾಕರ್‌ಗೆ ಚುಚ್ಚಿತು.

ಮರುದಿನ ಆಕೆಯನ್ನು ಒಳಗೆ ಕರೆಸಿದರು. ಬೇಡ ಬೇಡ ಅಂದರೂ ಕುರ್ಚಿಯಲ್ಲಿ ಕೂರಿಸಿದರು. ಚಹಾ ತರಿಸಿದರು. ನನ್ನನ್ನೂ ಕರೆದು, ನಾನು ತೆಲುಗಿನಲ್ಲಿ ಹೇಳುತ್ತೇನೆ, ನೀನು ನಿಮ್ಮ ಭಾಷೆಯಲ್ಲಿ ಹೇಳು ಅಂದರು. ಆಮೇಲೆ ಮಗಳಿಗೆ ಬುದ್ಧಿ ಹೇಳುವವರ ಹಾಗೆ ಶುರುಮಾಡಿದರು. "ನೋಡಮ್ಮಾ, ಇದರಲ್ಲಿ ಯಾರದೂ ತಪ್ಪಿಲ್ಲ. ನೀನು ಗಂಡನ ಮೇಲಿನ ಪ್ರೀತಿಯಿಂದ ಕಟ್ಟಿದೆ. ಆದರೆ ನೀನು ಕಟ್ಟಿದ ತಂತಿಯೇ ಅವನನ್ನು ಅಲ್ಲಿ ಹಿಡಿದು ಹಾಕಿದೆ. ನಾನಲ್ಲ, ಅಧಿಕಾರಿಗಳಲ್ಲ, ನಿನ್ನ ಕೈ. ಈಗ ನೀನು ದಿನಾ ಇಲ್ಲಿ ಬಂದು ಕೂತರೆ ಅದು ಬಿಚ್ಚುತ್ತದಾ, ಹೇಳು. ಮನೆಗೆ ಹೋಗಿ ದೇವರಿಗೆ ದೀಪ ಹಚ್ಚು."

ಅದನ್ನು ನಾನು ಹಾಗೆಯೇ ಹೇಳಲಿಲ್ಲ. ಆಕೆಯ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ, "ಅಲ್ಲಿ ಆಫೀಸಿನ್ಯಾಗ ತಡ ಆಗೇತಂತ. ನಿಂದೇನೂ ತಪ್ಪಿಲ್ಲ, ಮಳಿ ನಿಂತ ಮ್ಯಾಲ ಬಿಡ್ತಾರಂತ."

ಮಹಾದೇವಿ ಚಹಾದ ಲೋಟವನ್ನು ಮೇಜಿನ ಮೇಲೆ ಇಟ್ಟಳು. "ತೆಲುಗು ನನಗ ಬರ್ತೈತ್ರಿ ಅಕ್ಕಾರ," ಅಂದಳು. ಇಷ್ಟು ವರ್ಷ ತೆಲುಗು ಮೇಸ್ತ್ರಿಯ ಕೈಕೆಳಗೆ ಇಟ್ಟಿಗೆ ಹೊತ್ತವಳಿಗೆ ಬರದೇ ಇರುತ್ತದೆಯೇ, ನನಗೆ ಆ ಗಳಿಗೆಯಲ್ಲಿ ತೋಚಲಿಲ್ಲ. ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು. ಸೆರಗಿನೊಳಗೆ ಮುಚ್ಚಿಕೊಂಡು ಎದ್ದು ಹೋದಳು. ಮಾರನೆಯ ದಿನದಿಂದ ಮೆಟ್ಟಿಲು ಖಾಲಿ. ಸುಧಾಕರ್, ಪಾಪ ಅರ್ಥ ಮಾಡಿಕೊಂಡಳು ಅಂದರು.

ಭಾನುವಾರ ಆಕೆಯ ಕೋಣೆಗೆ ಹೋದೆ. ಒಲೆ ಹೊತ್ತಿಸಿರಲಿಲ್ಲ. ಪಕ್ಕದ ಮನೆಯ ಬಾಣಂತಿ ಕೂಸು ಹಿಡಿದುಕೋ ಅಂತ ಕೊಡಲು ಬಂದರೆ, ನನ್ನ ಕೈ ನೆಟ್ಟಗಿಲ್ಲ ಅಂತ ಹಿಂದೆ ಸರಿದಳು. ನನಗೆ ತಡೆಯಲಾಗಲಿಲ್ಲ. ಗಂಡ ಅಲ್ಲಿ ಸಿಕ್ಕಿಕೊಂಡಿರುವುದು ತಂತಿಯಿಂದಲ್ಲ, ಪತ್ರದಿಂದ ಅಂತ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಶರಣಪ್ಪನೇ ದಾರಿಯಲ್ಲಿ ಕಟ್ಟಿದ ಅಂತ ಸಾಹೇಬರು ಬರೆದಿದ್ದಾರೆ ಅಂದೆ. ಆಕೆಗೆ ಸುಧಾಕರ್ ಮೇಲೆ ಸಿಟ್ಟೇ ಬರಲಿಲ್ಲ. "ಹಂಗಾರ ಸಸಾರ ಆತಲ್ರಿ," ಅಂದಳು. "ಕಟ್ಟಿದಾಕಿ ನಾ ಅಂತ ಬರದು ಕೊಡ್ತೀನಿ. ನನ್ನ ಹಿಡಕೊಂಡು ಅವನ ಬಿಡಲಿ."

ಅಲ್ಲೇ ಕೂತು ಬರೆದೆ. ಆಕೆ ಹೇಳುತ್ತಾ ಹೋದಳು: ತಂತಿ ಎಲ್ಲಿಂದ ತಂದೆ, ಎಷ್ಟು ಸುತ್ತು ಸುತ್ತಿದೆ, ಯಾರ್ಯಾರು ನೋಡಿದರು. ಹೆಬ್ಬೆಟ್ಟು ಒತ್ತಿದಳು. ಅದರ ಫೋಟೋ ಹಿಡಿದು ಗಡಿಯಲ್ಲಿ ನಮ್ಮ ಕೆಲಸ ನೋಡುವ ಏಜೆಂಟನಿಗೆ ಕಳಿಸಿ, ಸ್ಪೀಕರಿಗೆ ಹಾಕಿ ಫೋನು ಮಾಡಿದೆ. ಅವನು ಕೆಟ್ಟವನಲ್ಲ. ಆದರೂ ನಕ್ಕ. ಹೆಂಡತಿಯ ಪತ್ರ ಯಾರು ತೆಗೆದುಕೊಳ್ಳುತ್ತಾರೆ ಮೇಡಂ, ಕಂಪನಿ ಒಂದು ಹೇಳಿ ಹೆಂಡತಿ ಇನ್ನೊಂದು ಹೇಳಿದರೆ ಅನುಮಾನ ಇನ್ನೂ ಜಾಸ್ತಿ, ಕಂಪನಿಯ ಮೊಹರು ಇದ್ದರೆ ಕಳಿಸಿ ಅಂದ. ಮಹಾದೇವಿ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು. ಇವನೇನು ಹೇಳಿದ ಅಂತ ಕೇಳಲಿಲ್ಲ, ಹಿಂದಿಯೂ ಆಕೆಗೆ ಬರುತ್ತಿತ್ತು.

ನಾನು ಸುಧಾಕರ್ ಮುಂದೆ ಇನ್ನೊಮ್ಮೆ ಹೋದೆ, ಮತ್ತೊಮ್ಮೆ ಹೋದೆ. ಜಗಳವಾಡಿದೆ. ಕೊಟ್ಟ ಪತ್ರ ತಿರುಗಿಸಿದರೆ ಸುಳ್ಳು ಹೇಳಿದಂತಾಗುತ್ತದಮ್ಮಾ ಅಂದರು. ಆ ಮಾತನ್ನು ಅವರು ನಗದೆ ಹೇಳಿದರು. ಪಂಚಮಿ ಬಂತು. ಕೆಲಸದ ಜಾಗದಲ್ಲಿ ಸೇಡಂ ಕಡೆಯ ಹೆಣ್ಣುಮಕ್ಕಳೆಲ್ಲ ಊರಿಗೆ ಹೋದರು. ಮಹಾದೇವಿ ಹೋಗಲಿಲ್ಲ, ಉಂಡಿಯನ್ನೂ ಕಟ್ಟಲಿಲ್ಲ.

ಪಂಚಮಿ ಕಳೆದು ಸ್ವಲ್ಪ ದಿನಕ್ಕೆ ಶರಣಪ್ಪ ಫೋನಿನಲ್ಲಿ ಹಲ್ಲು ಕಟಕಟ ಅನ್ನಿಸುತ್ತಾ ಮಾತಾಡಿದ. ಜ್ವರ ಅಂದ. ಗೋಡೆಯ ಹತ್ತಿರ ನಿಲ್ಲಲಿಕ್ಕೆ ಆಗುವುದಿಲ್ಲ, ಪಕ್ಕದ ಲಾರಿಯ ಡ್ರೈವರ್ ರಟ್ಟೆ ಹಿಡಿದುಕೊಂಡಿದ್ದಾನೆ ಅಂದ. "ಆಕಿ ಊರಿಗಿ ಹೋದ್ಲೇನ್ರಿ?" ಅಂತ ಕೇಳಿದ. ಹೋದಳು ಅಂತ ಸುಳ್ಳು ಹೇಳಿದೆ. "ಚಲೋ ಆತು ಬಿಡ್ರಿ," ಅಂದ. ಅವನ ಮಾತು ನಾನು ಕೇಳಿದ್ದು ಅದೇ ಕಡೆ. ಆಮೇಲೆ ಆ ಕಡೆಯ ಆಸ್ಪತ್ರೆಗೆ ಸೇರಿಸಿದರು. ಡೆಂಗಿ, ತಡವಾಗಿತ್ತು. ಅವನು ತೀರಿಕೊಂಡ ಸುದ್ದಿ ತಂದದ್ದು ಏಜೆಂಟನ ಫೋನು. ನಾನು ಮಹಾದೇವಿಯ ಕೋಣೆಗೆ ಹೋಗಿ ಹೇಳಿದೆ. ಆಕೆ ಅಳಲಿಲ್ಲ, ಗೋಡೆಗೆ ಒರಗಿ ತನ್ನ ಕೈಗಳ ಮೇಲೆ ತಾನೇ ಕೂತುಬಿಟ್ಟಳು.

ಆಮೇಲೆ ನೋಡಬೇಕಿತ್ತು ನಮ್ಮ ಸಾಹೇಬರ ಚುರುಕು. ಪೇಪರಿನವರ ಕಿವಿಗೆ ಬೀಳುವುದರೊಳಗೆ ಮುಗಿಯಬೇಕಲ್ಲ. ಪತ್ರದ ಮೇಲೆ ಪತ್ರ, ಕೇಳಿದ್ದಕ್ಕೆಲ್ಲ ಮೊಹರು, ಕೇಳದೇ ಇದ್ದದ್ದಕ್ಕೂ ಮೊಹರು. ಬದುಕಿದ್ದ ಶರಣಪ್ಪ ದಾಟಲಾಗದ ಗಡಿಯನ್ನು ಅವನ ಹೆಣ ಯಾವ ತಕರಾರೂ ಇಲ್ಲದೆ ದಾಟಿತು. ಆ ಕಾಗದಗಳನ್ನೆಲ್ಲ ನಾನೇ ಮಾಡಿದೆ. ಒಂದು ಅಕ್ಷರ ತಪ್ಪಲಿಲ್ಲ. ಗಾಡಿ ತರಲಿಕ್ಕೆ ಬೇರೆ ಡ್ರೈವರ್ ಹೋದ, ಅವನ ಹೆಸರಿನಲ್ಲಿ ಹೊಸ ಪಾಸೂ ಆಯಿತು. ಸಾಹೇಬರು ಮನಸ್ಸು ಮಾಡಿದ್ದರೆ ಇದು ಮೊದಲೇ ಆಗುತ್ತಿತ್ತು. ಕಡೆಗೆ ಸೀಲ್ ಕತ್ತರಿಸಿ ನೋಡಿದರೆ ಒಂದು ಚೀಲವೂ ಕಮ್ಮಿ ಇರಲಿಲ್ಲವಂತೆ. ಒಳಗೆ ನೀರು ಇಳಿದು ಬೀಜವೆಲ್ಲ ಚೀಲದಲ್ಲೇ ಮೊಳಕೆ ಒಡೆದಿತ್ತು.

ಪೆಟ್ಟಿಗೆ ಕೋಲ್ಕತ್ತಾದಿಂದ ವಿಮಾನದಲ್ಲಿ ಬಂತು. ಶಂಷಾಬಾದಿನ ವಿಮಾನ ನಿಲ್ದಾಣದ ಸರಕಿನ ಬಾಗಿಲಲ್ಲಿ ನಾನೇ ಸಹಿ ಮಾಡಿ ಬಿಡಿಸಿಕೊಂಡೆ. ಆಂಬುಲೆನ್ಸಿನಲ್ಲಿ ನಾನು, ಮಹಾದೇವಿ, ನಡುವೆ ಆ ಪೆಟ್ಟಿಗೆ. ದಾರಿಯುದ್ದಕ್ಕೂ ಆಕೆ ಅದನ್ನು ಮುಟ್ಟಲಿಲ್ಲ. ರಸ್ತೆಯಲ್ಲಿ ಗುಂಡಿ ಬಂದು ಪೆಟ್ಟಿಗೆ ಅಲುಗಿದಾಗಲೂ ಕಾಲಿನಿಂದ ತಡೆದಳೇ ಹೊರತು ಕೈ ಚಾಚಲಿಲ್ಲ.

ಶರಣಪ್ಪನ ಊರಲ್ಲಿ ಜನ ಸೇರಿದ್ದರು. ನಮ್ಮ ಕಡೆ ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ ಮಣ್ಣು ಮಾಡುತ್ತಾರೆ. ಪೆಟ್ಟಿಗೆ ತೆಗೆಯಲೇಬೇಕು. ಶರಣಪ್ಪನ ಅಣ್ಣ ಹಾರೆ ತಂದು ಮುಚ್ಚಳದ ಸಂದಿಗೆ ಇಟ್ಟ. ಅಲ್ಲಿ ಒಂದು ಸಣ್ಣ ತಂತಿ, ತಂತಿಗೆ ಸೀಸದ ಸೀಲು, ಸೀಲಿನ ಮೇಲೆ ನಂಬರು.

ಅಲ್ಲಿಯವರೆಗೆ ಬಾಯಿ ಬಿಡದ ಮಹಾದೇವಿ ಕೂಗಿದಳು. "ಮುಟ್ಟಬ್ಯಾಡ್ರಿ, ಸೀಲ್ ಐತಿ."

ಭಾವನ ಕೈ ಅಲ್ಲೇ ನಿಂತಿತು. ಹೆಂಗಸರ ಅಳುವೂ ನಿಂತಿತು. ಏನಾಯಿತು ಅಂತ ಯಾರಿಗೂ ತಿಳಿಯಲಿಲ್ಲ. ಮಹಾದೇವಿ ನನ್ನ ಹತ್ತಿರ ಬಂದು, ಆಫೀಸಿನ ಮೆಟ್ಟಿಲ ಮೇಲೆ ಎದ್ದು ನಿಲ್ಲುತ್ತಿದ್ದಳಲ್ಲ, ಹಾಗೇ ನಿಂತು ಕೇಳಿದಳು. "ಇದನ್ನ ತೆಗ್ಯಾಕ ಸಾಹೇಬರ ಪತ್ರ ಬೇಕೇನ್ರಿ ಅಕ್ಕಾರ?"

ಬೇಕಿಲ್ಲ ಅಂದೆ. ಆಂಬುಲೆನ್ಸಿನವನ ಹತ್ತಿರ ಇಕ್ಕಳ ಇಸಿದುಕೊಂಡು ನಾನೇ ಕತ್ತರಿಸಿದೆ. ಅವನನ್ನು ಎತ್ತಿ ಕೂರಿಸಿದರು. ಮುಖ ಗುರುತು ಸಿಗುವ ಹಾಗಿತ್ತು. ಹೆಂಡತಿ ವಿಭೂತಿ ಹಚ್ಚಲಿ ಅಂತ ಹಿರಿಯರು ತಟ್ಟೆ ಹಿಡಿದರು. ಆಕೆ ಎದುರಿಗೆ ಬಂದು ಮೊಣಕಾಲೂರಿ ಕೂತಳು, ಅವನನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ಹಚ್ಚವ್ವಾ ಅಂತ ಎಲ್ಲರೂ ಹೇಳಿದರು, ನಾನೂ ಹೇಳಿದೆ. ಸೆರಗಿನೊಳಗಿದ್ದ ಕೈ ಹೊರಗೆ ಬರಲಿಲ್ಲ.